ಬಾಯಿ ಆಡದ ಕಡೆ

ನಮ್ಮ ಸಿನಿಮಾ ಕೂಟಕ್ಕೆ ಅಂತ ಇರುವುದು ಒಂದು ಹಳೆಯ ಟಾಕೀಸಿನ ಬಾಲ್ಕನಿ ಮಾತ್ರ. ಕೆಳಗಿನ ಹಾಲನ್ನು ಪೀಠೋಪಕರಣದ ಅಂಗಡಿಯವರು ಗೋದಾಮು ಮಾಡಿಕೊಂಡಿದ್ದಾರೆ. ಪ್ಲಾಸ್ಟಿಕ್ ಸುತ್ತಿದ ಬೀರುಗಳೂ ಮಂಚಗಳೂ ಸಾಲಾಗಿ ನಿಂತಿರುತ್ತವೆ, ಅವುಗಳ ಆಚೆ ಗೋಡೆಗೆ ಹಳೆಯ ಪರದೆ. ಭಾನುವಾರ ಸಂಜೆ ನಾವೊಂದಿಷ್ಟು ಜನ ಸೇರಿ, ನಮ್ಮ ಅಜ್ಜ ಅಜ್ಜಿಯರ ಹರೆಯದ ಕಾಲದಲ್ಲಿ ದೂರದ ದೇಶಗಳಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರಗಳನ್ನು ನೋಡುತ್ತೇವೆ. ಆ ಸಂಜೆ ಮಧ್ಯಾಹ್ನದಿಂದಲೇ ಹಿಡಿದ ಮಳೆ ಬಿಟ್ಟಿರಲಿಲ್ಲ. ಚಿತ್ರ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಯಾರಿಗೂ ಹೊರಗೆ ಕಾಲಿಡುವ ಮನಸ್ಸಿರಲಿಲ್ಲ. ಒಂದು ಬ್ಯಾಟರಿ ದೀಪ ನಡುವೆ ಇಟ್ಟುಕೊಂಡು ಕುರ್ಚಿಗಳಲ್ಲೇ ಮುದುರಿ ಕುಳಿತೆವು.

ನಮ್ಮಲ್ಲಿ ಕಾಲೇಜಿನ ಮೇಷ್ಟ್ರೊಬ್ಬರಿದ್ದಾರೆ. ಚಿತ್ರದ ಕೆಳಗೆ ಬರುವ ಅಕ್ಷರಗಳು ಸಣ್ಣವಾದವು ಎಂದು ಅವರು ಗೊಣಗುತ್ತಿದ್ದರು. "ಈ ಅಕ್ಷರನೂ ಇಲ್ಲದ ಕಾಲದಲ್ಲಿ ಜನ ಏನು ನೋಡ್ತಿದ್ರೋ!" ಎಂದರು. ಹಿಂದಿನ ಸಾಲಿನಿಂದ ನಗು ಕೇಳಿಸಿತು. ಅಲ್ಲಿದ್ದವಳು ಟಾರ್ಚಜ್ಜಿ. ಇದೇ ಟಾಕೀಸಿನಲ್ಲಿ ಟಾರ್ಚು ಹಿಡಿದು ಜನರನ್ನು ಸೀಟಿಗೆ ಕೂರಿಸುತ್ತಿದ್ದವಳು. ಈಗಲೂ ವಾರ ತಪ್ಪಿಸದೆ ಬರುತ್ತಾಳೆ.

"ಬರೀ ನೋಡ್ತಿರಲಿಲ್ಲ ಮೇಷ್ಟ್ರೇ. ನಮ್ಮಣ್ಣ ಹೇಳ್ತಿದ್ದ, ಅವರು ಕೇಳಿಸ್ಕೊಳ್ತಿದ್ರು," ಎಂದಳು. ನಾವು ಕುರ್ಚಿ ಎಳೆದುಕೊಂಡು ಅವಳ ಸುತ್ತ ಕುಳಿತೆವು.

"ಏ ಹುಡುಗಿ, ಆ ಮೊಬೈಲು ಆರಿಸು, ಕಣ್ಣಿಗೆ ಚುಚ್ಚುತ್ತೆ. ಹಾಂ... ಆಗ ತಗಡಿನ ಡಬ್ಬಿಗಳಲ್ಲಿ ರೀಲು ಬರ್ತಿತ್ತು, ಯಾವ್ಯಾವ ದೇಶದಿಂದಲೋ. ಒಂದರಲ್ಲಿ ಎಲ್ಲಿ ನೋಡಿದ್ರೂ ಹಿಮ, ಒಂದರಲ್ಲಿ ಕತ್ತಿ ಹಿಡಿದ ಗಂಡಸರು ಮುಖ ಮುಖ ನೋಡ್ಕೊಂಡು ಗಂಟೆಗಟ್ಲೆ ಕೂತಿರೋದು, ಒಂದರಲ್ಲಿ ಬಾಂಬು ಬಿದ್ದು ಹಾಳಾದ ಊರಲ್ಲಿ ಮುದುಕ ಒಬ್ಬ ಕುರ್ಚಿ ಹೊತ್ಕೊಂಡು ಅಲೆಯೋದು... ಅವರಾಡೋ ಮಾತು ನಮಗೇನು ತಿಳೀಬೇಕು? ಅದಕ್ಕೇ ನಮ್ಮಣ್ಣ ಇದ್ದ. ಅಗೋ, ಪ್ರೊಜೆಕ್ಟರ್ ಕೋಣೆ ಪಕ್ಕದಲ್ಲಿ ಗಾಜಿನ ಗೂಡಿದೆಯಲ್ಲ, ಈಗ ಪೊರಕೆ ಬಕೆಟ್ಟು ತುಂಬಿದ್ದೀರಲ್ಲ, ಅದರೊಳಗೆ ಮೈಕ್ ಮುಂದೆ ಕೂತ್ಕೊಂಡು, ಪರದೆ ಮೇಲಿನವರು ಮಾತಾಡ್ತಿದ್ದ ಹಾಗೇ ಇವನು ನಮ್ಮ ಮಾತಲ್ಲಿ ಹೇಳ್ತಾ ಹೋಗೋನು. ರಾಣಿನೂ ಇವನೇ, ಕಳ್ಳನೂ ಇವನೇ, ಪೊಲೀಸೂ ಇವನೇ! ಜನ ಮೈಕಣ್ಣ ಅಂತಲೇ ಕರೀತಿದ್ರು. ಚಿತ್ರ ಡಬ್ಬಾ ಆಗಿದ್ರೂ ಇವನ ದನಿಗೆ ಟಾಕೀಸು ತುಂಬ್ತಿತ್ತು.

"ಆ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ಅವನಿಗೆ ಕೆಲಸ ಕಲಿಸಿದ ಮುದುಕ, ಕೈ ಮೇಲೆ ಕೈ ಹಾಕಿಸ್ಕೊಂಡು ಮಾತು ತಗೊಂಡಿದ್ದನಂತೆ: ಪರದೆ ಮೇಲೆ ಬಾಯಿ ಆಡದ ಕಡೆ ನೀನು ಮಾತಾಡಬೇಡ. ಅವರು ಸುಮ್ಮನಿದ್ರೆ ನೀನೂ ಸುಮ್ಮನಿರು. ಯಾಕೆ ಅಂತ ಅಣ್ಣ ಕೇಳಿದ್ದಕ್ಕೆ, 'ಸುಮ್ಮನಿರೋ ಜಾಗ ನಮ್ಮದಲ್ಲ ಕಣೋ' ಅಂದನಂತೆ, ಅಷ್ಟೇ. ಅಣ್ಣ ಅದನ್ನ ಕಣ್ಣಿಗೊತ್ಕೊಂಡು ಪಾಲಿಸ್ದ. ಬಾಯಿ ಆಡಿದ್ರೆ ಮಾತು, ಇಲ್ಲಾಂದ್ರೆ ತುಟಿ ಹೊಲಿದ ಹಾಗೆ ಕೂರೋನು.

"ಅವನಿಗೆ ಒಬ್ಬಳೇ ಮಗಳು, ಪುಟ್ಟಿ. ಬಾಯಾಳಿ! ಆ ಗೂಡಲ್ಲಿ ಅಪ್ಪನ ತೊಡೆ ಮೇಲೇ ಇರೋಳು. ಚಿತ್ರದಲ್ಲಿ ಮಗು ಬಂದ್ರೆ ಅಣ್ಣ ಇವಳ ದನಿ ತೆಗೆದು ಮಾತಾಡೋನು, ಇವಳು 'ನಾನು ಹಾಗೆ ರಾಗ ಎಳೆಯಲ್ಲ ಅಪ್ಪಾ' ಅಂತ ಅವನ ಕೆನ್ನೆ ಹಿಂಡೋಳು. ಅಂಥ ಮಗು... ಜ್ವರ ಅಂತ ಮಲಗಿದ್ದೇ ನೆಪ, ಏಳಲೇ ಇಲ್ಲ. ಶಾಲೆಗೆ ಸೇರಿಸಿ ವರ್ಷ ಆಗಿರಲಿಲ್ಲ ಕಣ್ರಪ್ಪಾ.

"ಅತ್ತಿಗೆ ಕಲ್ಲಾಗಿಬಿಟ್ಲು. ಅಳಲಿಲ್ಲ, ಉಣ್ಣಲಿಲ್ಲ, ತಲೆ ಬಾಚಲಿಲ್ಲ. ಬಾಗಿಲ ಹತ್ರ ಕೂತಿರೋಳು. ನಾನು ತುತ್ತು ಕಲೆಸಿ ಬಾಯಿಗಿಟ್ರೆ, 'ಒಂದೇ ಒಂದು ಸಲ ಅಮ್ಮಾ ಅಂತ ಕರೀಲಿ ನಾದಿನಿ, ಆಮೇಲೆ ತಿಂತೀನಿ' ಅನ್ನೋಳು. ನಾನು ಕಲೆಸಿದ ಅನ್ನ ಮುಚ್ಚಿಟ್ಟು ಎದ್ದು ಹೋಗ್ತಿದ್ದೆ.

"ಆಗ ಬಂತು ಆ ಚಿತ್ರ. ಯಾವುದೋ ಸಮುದ್ರದ ಕಡೆಯದು. ಬಡವರ ಮನೆ ಮಗು ಸಣ್ಣ ದೋಣಿ ಹತ್ತಿ ಆಟ ಆಡ್ತಾ ಮಂಜಲ್ಲಿ ಕಳೆದುಹೋಗುತ್ತೆ. ಕೊನೇಲಿ ತಾಯಿ ಬಂಡೆ ಮೇಲೆ ನಿಂತು ಕೂಗ್ತಾಳೆ. ಮತ್ತೆ ಕೂಗ್ತಾಳೆ. ಆಮೇಲೆ ಬರೀ ಮಂಜು... ಎಷ್ಟು ಹೊತ್ತು ಅಂತೀರಿ! ತೆಗೆದ ಮಹಾನುಭಾವನಿಗೆ ಕರುಳೇ ಇರಲಿಲ್ಲವೋ, ಅತಿಯಾಗಿತ್ತೋ. 'ನೀನು ಬರಬೇಡ' ಅಂತ ಅಣ್ಣ ಅತ್ತಿಗೆಗೆ ಹೇಳಿದ್ದ. ಇವಳು ಬಂದೇ ಬಂದ್ಲು, ಬಾಲ್ಕನಿ ಮುಂದಿನ ಸಾಲಲ್ಲಿ ಕೂತ್ಲು. ಆ ತಾಯಿ ಕೂಗಿದಾಗ ಅತ್ತಿಗೆ ಮುಂದಕ್ಕೆ ಬಾಗಿ ಕಾಯ್ತಾ ಇದಾಳೆ. ಗಾಜಿನ ಹಿಂದಿಂದ ಅಣ್ಣನಿಗೆ ಅವಳ ಬೆನ್ನು ಕಾಣ್ತಿತ್ತು. ತಡೀಲಾರದೆ ಹೋದ. ಆ ಬರೀ ಮಂಜಿಗೆ, ಪುಟ್ಟಿ ದನೀಲಿ, 'ಅಮ್ಮಾ, ಇಲ್ಲಿದ್ದೀನಿ' ಅಂದುಬಿಟ್ಟ.

"ಟಾಕೀಸಿಗೆ ಟಾಕೀಸೇ ಅತ್ತಿತು. ಅತ್ತಿಗೆನೂ ಅತ್ಲು, ಮೊದಲ ಸಲ. ಮನೆಗೆ ಬಂದು ತಟ್ಟೆ ಎಳ್ಕೊಂಡು ಹೊಟ್ಟೆ ತುಂಬ ಉಂಡ್ಲು. ನನಗೆ ಹೋದ ಜೀವ ಬಂದ ಹಾಗಾಯ್ತು. ಒಂದು ಸುಳ್ಳು ಹೇಳಿದ್ರೆ ಏನಾಯ್ತು, ಹೆಂಗಸು ಬದುಕಿದ್ಲಲ್ಲ ಅಂದ್ಕೊಂಡೆ.

"ಮುಂದಿನ ವಾರದ ಚಿತ್ರ ಕೋರ್ಟಿನದು. ಬರೀ ಗಂಡಸರು, ಕರಿ ಕೋಟು, ಮಗು ಮರಿ ಯಾವುದೂ ಇಲ್ಲ. ಜಡ್ಜು ತೀರ್ಪು ಹೇಳೋಕೆ ಮುಂಚೆ ಕನ್ನಡಕ ಒರೆಸ್ಕೊಳ್ತಾ ಸುಮ್ಮನೆ ಕೂತಿದಾನೆ... ಆಗ ಹಾಲಿನ ಸ್ಪೀಕರಲ್ಲಿ 'ಅಮ್ಮಾ' ಅಂತು. ನನಗೆ ಸಿಟ್ಟು ನೆತ್ತಿಗೇರ್ತು. ಒಂದು ಸಲ ಆಯ್ತು, ಇದೇನು ಚಟ! ಧಡಧಡ ಹೋಗಿ ಗೂಡಿನ ಬಾಗಿಲು ತೆಗೆದೆ, ಉಗಿಯೋಣ ಅಂತ. ಅಣ್ಣ ಎರಡೂ ಕೈಯಲ್ಲಿ ಬಾಯಿ ಮುಚ್ಕೊಂಡು ಗೋಡೆಗೆ ಒತ್ತಿ ನಿಂತಿದ್ದ. ಮೈಕು ಆಫ್ ಆಗಿತ್ತು. ನಾನು ನೋಡ್ತಿದ್ದ ಹಾಗೇ ಸ್ಪೀಕರು ಮತ್ತೆ ಅಂತು... 'ಅಮ್ಮಾ, ಇಲ್ಲಿ ಕತ್ತಲೆ. ನೀನು ಬಾ.' ರಾಗ ಎಳೀಲಿಲ್ಲ ಕಣ್ರೀ. ಅಣ್ಣ ರಾಗ ಎಳೆಯೋನು. ಇದು ಎಳೀಲಿಲ್ಲ.

"ಅಲ್ಲಿಂದ ಶುರುವಾಯ್ತು ನೋಡಿ ನಮ್ಮ ಪಾಡು. ಯಾವ ಚಿತ್ರ ಹಾಕಿದ್ರೂ, ಪರದೆ ಮೇಲೆ ಎಲ್ಲರೂ ಸುಮ್ಮನಾದ್ರೆ ಸಾಕು, ಕರೆಯೋಳು. ಜನ ಮೈಕಣ್ಣನ ಹೊಸ ಚಮತ್ಕಾರ ಅಂದ್ಕೊಂಡ್ರು. ಅತ್ತಿಗೆಗೆ ಮಾತ್ರ ಗೊತ್ತಿತ್ತು, ಮಗಳ ದನಿ ತಾಯಿಗೆ ತಿಳಿಯಲ್ವಾ? ಮನೇಲಿ ಕೂಡಿಹಾಕಿದ್ವಿ, ಬಾಗಿಲಿಗೆ ಹಣೆ ಚಚ್ಕೊಂಡು ರಕ್ತ ಮಾಡ್ಕೊಂಡ್ಲು. ಒಂದಿನ ಚಿತ್ರದ ನಡುವೆ ಎದ್ದು, ಈ ಮುಂದಿನ ಕಂಬಿ ಇದೆಯಲ್ಲ, ಇದರ ಮೇಲೆ ಕಾಲು ಹಾಕಿ ಪರದೆ ಕಡೆ ಕೈ ಚಾಚಿದ್ಲು. ಕೆಳಗೆ ನೋಡಿ, ಎಷ್ಟು ಎತ್ತರ ಇದೆ ಅಂತ. ನಾನು ಟಾರ್ಚು ಬಿಸಾಕಿ ಸೊಂಟ ಹಿಡ್ದು ಎಳ್ದೆ. 'ಬಿಡು ನಾದಿನಿ, ಮಗು ಒಂಟಿಯಾಗಿದೆ, ಹೆದರ್ಕೊಳ್ಳುತ್ತೆ' ಅಂದ್ಲು. ಎಷ್ಟು ಸಮಾಧಾನವಾಗಿ ಅಂದ್ಲು ಅಂದ್ರೆ... ನಾನು ಹಿಡಿತ ಇನ್ನೂ ಬಿಗಿಮಾಡ್ದೆ.

"ಅಣ್ಣ ಏನು ಮಾಡ್ದ ಗೊತ್ತಾ? ಸುಮ್ಮನಿರೋ ಜಾಗವೇ ಇರದ ಹಾಗೆ ಮಾಡೋಕೆ ಹೊರಟ. ಚಿತ್ರ ಶುರುವಾದಾಗಿಂದ ಮುಗಿಯೋವರೆಗೂ ಒಂದೇ ಸಮ ಮಾತು. 'ಈಗ ಗಾಳಿ ಬೀಸ್ತಿದೆ, ಈಗ ಅವನು ಟೋಪಿ ತೆಗೀತಾನೆ, ಟೋಪಿ ಕಪ್ಪಗಿದೆ, ಅಗೋ ಬೆಕ್ಕು, ಬೆಕ್ಕು ಹೋಯ್ತು...' ಗಂಡ ಹೆಂಡತಿ ಅಪ್ಪಿಕೊಂಡು ಅಳ್ತಿದ್ರೆ ಇವನು ಗೋಡೆ ಬಣ್ಣ ವರ್ಣಿಸ್ತಾ ಇದಾನೆ! ಜನ ನಕ್ರು, ಆಮೇಲೆ ಬೈದ್ರು, ಆಮೇಲೆ ಕಡಲೆ ಸಿಪ್ಪೆ ಎಸೆದ್ರು. ಮಾಲೀಕ ಕರೆದು 'ತಲೆ ಕೆಟ್ಟಿದೆಯೇನಯ್ಯಾ' ಅಂದ. ಅಣ್ಣ ನಿಲ್ಲಿಸ್ಲಿಲ್ಲ. ಉಗುಳಿದ್ರೆ ರಕ್ತ ಬರೋ ಹಾಗಾಯ್ತು ಗಂಟಲು. ಉಸಿರು ತಗೋಳೋಕೆ ಅಂತ ಒಂದು ಕ್ಷಣ ನಿಂತ್ರೆ, ಆ ಸಂದಿಯಲ್ಲೇ 'ಅಮ್ಮಾ'...

"ಕೊನೆಗೆ ದನಿ ಬಿದ್ದೇ ಹೋಗೋ ಹಾಗಾಯ್ತು. ಅದೇ ಹೊತ್ತಿಗೆ ಮಾಲೀಕ ಆ ಮಂಜಿನ ಚಿತ್ರ ವಾಪಸ್ ತರಿಸ್ದ, ಜನ ಕೇಳ್ತಿದಾರೆ ಅಂತ. ಅವತ್ತು ಅತ್ತಿಗೆ ತಾನಾಗೇ ತಲೆ ಬಾಚ್ಕೊಂಡು, ಒಗೆದ ಬಟ್ಟೆ ಉಟ್ಕೊಂಡು ಹೊರಟ್ಲು. 'ಇವತ್ತು ನೀನು ಹಿಡೀಬೇಡ ನಾದಿನಿ' ಅಂದ್ಲು. ನಾನು ಅಣ್ಣನ ಮುಖ ನೋಡ್ದೆ. ಅವನು ನೆಲ ನೋಡ್ತಿದ್ದ.

"ಚಿತ್ರ ಕೊನೆಗೆ ಬಂತು. ಬಂಡೆ ಮೇಲೆ ತಾಯಿ ಕೂಗಿದ್ಲು. ಮಂಜು ಬಂತು. ಅತ್ತಿಗೆ ಎದ್ದು ಕಂಬಿ ಹಿಡಿದ್ಲು. ನಾನು ಹಿಂದೆಯೇ ಇದ್ದೆ, ಹಿಡ್ಕೊಳ್ತೀನಿ ಅಂತ ಧೈರ್ಯ ಇರಲಿಲ್ಲ, ಅವಳಿಗೆ ಅವತ್ತು ಅಂಥ ಬಲ ಬಂದಿತ್ತು. ಆಗ ಅಣ್ಣ ಮಾತಾಡ್ದ. ಎಲ್ಲಿಂದ ತೆಗೆದನೋ ಆ ದನೀನ... ಹರಿದ ಗಂಟಲಲ್ಲಿ, ಪುಟ್ಟಿಯದೇ ದನಿ, ರಾಗ ಎಳೀದೇ ಇರೋ ದನಿ. 'ಅಮ್ಮಾ, ನಾನು ಇಲ್ಲಿಲ್ಲ. ಇಲ್ಲಿ ಯಾರೂ ಇಲ್ಲ. ನೀನು ಮನೆಗೆ ಹೋಗು. ಇನ್ಮೇಲೆ ಯಾರಾದ್ರೂ ಕರೆದ್ರೆ ಅದು ನಾನಲ್ಲ, ನೀನು ತಿರುಗಿ ನೋಡಬೇಡ.'

"ಅತ್ತಿಗೆ ಮಂಜಿನ ಕಡೆ ತಲೆ ಆಡಿಸಿದ್ಲು. 'ಆಯ್ತು ಮಗಾ' ಅಂದ್ಲು. ಕಂಬಿ ಬಿಟ್ಲು. ಮುಖ ಒರೆಸ್ಕೊಂಡು, ನಾನು ಟಾರ್ಚು ಬಿಟ್ಟ ದಾರೀಲಿ ಮೆಟ್ಟಿಲಿಳಿದು ಹೋದ್ಲು. ನಾನು ವಾಪಸ್ ಹತ್ತಿ ಬಂದೆ, ಅಣ್ಣನ ಕಾಲು ಹಿಡ್ಕೊಳ್ಳೋಣ ಅನ್ನಿಸಿತ್ತು. ಪರದೆ ಮೇಲೆ ಮಂಜು ಇನ್ನೂ ಮುಗಿದಿರಲಿಲ್ಲ. ಆಗ ಸ್ಪೀಕರಲ್ಲಿ... ಮೆಲ್ಲಗೆ, ಅಳೋಕೆ ಮುಂಚೆ ಮಕ್ಕಳು ಮಾತಾಡ್ತಾವಲ್ಲ, ಹಾಗೆ... 'ಅಪ್ಪಾ, ನಾನು ಇಲ್ಲೇ ಇದ್ದೀನಲ್ಲ. ಯಾಕೆ ಇಲ್ಲ ಅಂದೆ?'

"ಅಣ್ಣ ಮತ್ತೆ ಮೈಕ್ ಮುಟ್ಟಲಿಲ್ಲ. ಆ ಪ್ರಶ್ನೆ ಹೊತ್ಕೊಂಡೇ ಕೊರಗಿ ಕೊರಗಿ ಹೋದ. ಅತ್ತಿಗೆಗೆ ನಾವಿಬ್ಬರೂ ಅದನ್ನ ಹೇಳಲಿಲ್ಲ. ಅವಳು ಚೇತರಿಸ್ಕೊಂಡ್ಲು ನೋಡಿ, ಹೊಲಿಗೆ ಕಲಿತ್ಲು, ಬೀದಿ ಮಕ್ಕಳಿಗೆಲ್ಲ ಅಂಗಿ ಹೊಲಿದುಕೊಟ್ಲು, ನನ್ನ ಜೊತೆ ಜಗಳ ಆಡಿಕೊಂಡು ಹಣ್ಣು ಮುದುಕಿ ಆಗೋವರೆಗೂ ಬದುಕಿದ್ಲು. ಹೋದ ವರ್ಷ ನಿದ್ದೇಲೇ ಹೋದ್ಲು, ಪುಣ್ಯವಂತೆ. ನಾನು ಅತ್ತುಬಿಟ್ಟೆ, ಆದ್ರೆ ಒಂದು ಸಮಾಧಾನ ಇತ್ತು... ಇನ್ನು ತಾಯಿ ಮಗಳು ಒಂದಾದ್ರಲ್ಲ, ಇಷ್ಟು ವರ್ಷ ನಾನು ಕೇಳ್ತಾ ಬಂದ ಆ ಕರೆಯೋದು ನಿಲ್ಲುತ್ತೆ ಅಂತ.

"ಅವಳು ಹೋದ ಮೇಲಿನ ಭಾನುವಾರ ಬಂದು ಇದೇ ಕುರ್ಚೀಲಿ ಕೂತೆ. ನಿಮ್ಮ ಚಿತ್ರದಲ್ಲಿ ಯಾರೋ ಸುಮ್ಮನಾದ್ರು. 'ಅಮ್ಮಾ' ಅಂದ್ಲು ಪುಟ್ಟಿ. ಈಗ ದನಿ ಸಣ್ಣಗಾಗಿದೆ, ನಿಮಗೆ ಯಾರಿಗೂ ಕೇಳಿಸ್ಲಿಲ್ಲ.

"ತಿರುಗಿ ನೋಡಬೇಡ ಅಂದಿದ್ದನಲ್ಲ ಅಣ್ಣ. ಅತ್ತಿಗೆ ಮಾತು ಕೇಳಿದ್ಲು ಕಣ್ರೀ. ಸತ್ತ ಮೇಲೂ ಕೇಳಿದ್ಲು. ಎಲ್ಲಿ ಹೋದ್ಲೋ, ಈ ಕಡೆಯಂತೂ ಬಂದಿಲ್ಲ. ಅಣ್ಣನೂ ಬಂದಿಲ್ಲ, ಯಾವ ಮುಖ ಇಟ್ಕೊಂಡು ಬರ್ತಾನೆ? ನಾನು ಸೋದರತ್ತೆ, 'ನಾನಿದ್ದೀನಿ ಬಾರೇ' ಅಂತೀನಿ, ಅದಕ್ಕೆ ನಾನು ಬೇಡ. ಅದಕ್ಕೆ ಬೇಕಾಗಿರೋದು ಅಮ್ಮ. ಯಾವ ಅಮ್ಮ ಆದ್ರೂ ಆಗುತ್ತೇನೋ, ಇಷ್ಟು ವರ್ಷ ಕಾದಿದೆ..."

ಅಷ್ಟರಲ್ಲಿ ಕರೆಂಟು ಬಂತು. ಪರದೆ ಬೆಳ್ಳಗಾಯಿತು. ಯಾರೂ ತಮ್ಮ ತಮ್ಮ ಸಾಲಿಗೆ ಹೋಗಲು ಏಳಲಿಲ್ಲ. ಅಜ್ಜಿ ದನಿ ತಗ್ಗಿಸಿದಳು.

"ಇವತ್ತೂ ಕರೆದ್ಲು. ಕರೆಂಟು ಹೋಗೋಕೆ ಸ್ವಲ್ಪ ಮುಂಚೆ, ಆ ಚಿತ್ರದ ಹೆಂಗಸು ಕಿಟಕಿ ಹತ್ರ ಸುಮ್ಮನೆ ನಿಂತಿದ್ಲಲ್ಲ, ಆಗ. ಹಿಂದೆ ಕೂರೋ ನನಗೆ ನಿಮ್ಮೆಲ್ಲರ ತಲೆ ಕಾಣುತ್ತೆ. ನಿಮ್ಮಲ್ಲಿ ಒಬ್ಬಳು ತಟ್ಟನೆ ತಲೆ ಎತ್ತಿದ್ಲು. ಯಾರು ಅಂತ ನಾನು ಹೇಳಲ್ಲ... ಆದ್ರೆ ಅವಳು ಮೆಲ್ಲಗೆ 'ಬಂದೆ ಮಗಾ' ಅಂದಿದ್ದು ನನ್ನ ಕಿವಿಗೆ ಬಿತ್ತು."