ಒಂದಕ್ಕೆ ಹದಿನೆಂಟು

ತಮ್ಮ ಕಳಿಸಿದ ಹೊರದೇಶದ ನೋಟು ಬದಲಿಸಲು ಬಂದ ದರ್ಜಿಗೆ ಸಾಲು ಕರಗುವ ಲಕ್ಷಣ ಕಾಣಲಿಲ್ಲ. ಮುಂದೆ ನಿಂತಿದ್ದ ಅಕ್ಕತಂಗಿಯರ ಮಾತಿಗೆ ಕಿವಿಗೊಟ್ಟ. ಅಕ್ಕನ ಕೈಯಲ್ಲೂ ಹೊರದೇಶದ ನೋಟಿನ ದಪ್ಪ ಕಟ್ಟಿತ್ತು.

“ನನ್ನ ಮದುವೆ ವರ್ಷ ಇದರ ಒಂದಕ್ಕೆ ನಮ್ಮದು ಹದಿನೆಂಟು ಬರ್ತಿತ್ತು ಕಣೇ.”

“ಅದನ್ನ ನೋಡೇ ತಾನೆ ಭಾವನ್ನ ಒಪ್ಪಿದ್ದು? ಮುಖ ಯಾರು ನೋಡಿದ್ರು!”

“ಅಮ್ಮ ಗುಣಾಕಾರ ಮಾಡಿದ್ಲು, ನಾನು ತಲೆ ಆಡಿಸ್ದೆ.”

“ಸೈಕಲ್ ಅಂಗಡಿಯವರನ್ನ ನೀನು ಬೇಡ ಅಂದೆ. ಅವರನ್ನ ತಂದು ನಂಗೆ ಗಂಟು ಹಾಕಿದ್ರು.”

“ಈಗ ನೋಡು, ಇದು ಹದಿನೆಂಟು ಕೊಟ್ರೆ ನಮ್ಮದು ಒಂದು. ನಿನ್ನ ಭಾವ ಅಲ್ಲಿ ಕೆಲಸ ಕಳ್ಕೊಂಡು ಕೂತಿದಾರೆ. ಇಷ್ಟೂ ಬದಲಿಸಿದ್ರೂ ಅವರು ವಾಪಸ್ ಬರೋ ಟಿಕೆಟ್ಟಿಗೆ ಅರ್ಧಾನೂ ಆಗಲ್ಲ.”

“ಉಳಿದದ್ದು ನಮ್ಮನೆಯವರನ್ನ ಕೇಳು.”

“ಬೇಡ ಅಂದೋಳು ನಾನು. ಯಾವ ಮುಖ ಇಟ್ಕೊಂಡು ಕೇಳ್ಲಿ?”

“ಇರೋ ಮುಖಾನೇ ಸಾಕು. ನೀನು ಬೇಡ ಅಂದಿದ್ದಕ್ಕೆ ಅವರು ಇವತ್ತಿಗೂ ನಿನ್ನ ಹೆಸರು ಹೇಳಿ ಕೈ ಮುಗೀತಾರೆ.”

ಅಕ್ಕ ತಂಗಿಯ ಬೆನ್ನಿಗೊಂದು ಗುದ್ದಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೌಂಟರಿನವನು ಕೊಟ್ಟ ನಾಲ್ಕು ನೋಟನ್ನು ಎಣಿಸದೆ ಚೀಲಕ್ಕೆ ತುರುಕಿ, ತಂಗಿಯ ತೋಳು ಹಿಡಿದು ಸೈಕಲ್ ಅಂಗಡಿಯ ಕಡೆಗೆ ನಡೆದಳು.