ದೇವಕಣಗಿಲೆಗೆ ಕಟ್ಟಿದ ಕಾಯಿ

...ಲೇಖನದಾಗೆ ನಿನ್ನ ಹೆಸರು ಬಿಟ್ಟುಹೋಗೈತೆ, ಒಪ್ಕೊಂಡೆ ಅಂದ್ನಲ್ಲ ನಾಗಶ್ರೀ! ಆ ಜೆರಾಕ್ಸ್ ಒಳಗಿಡಮ್ಮ. ಹನ್ನೆರಡು ವರ್ಷ ಆದಮೇಲೆ ನನ್ನ ಲೇಖನ ಹುಡುಕ್ಕೊಂಡು ಬಂದು, ಈ ಓಬಳೇಶಪ್ಪ ಮೇಷ್ಟ್ರ ಮುಂದೆ ಹಿಂಗೆ ಹರವಿಕೊಂಡು ಕುಂತ್ರೆ... ಕಾಫಿ ಕುಡಿ, ಆರಿಹೋಗ್ತೈತೆ. ಬ್ಯಾಡ್ವಾ? ಸರಿ ಬಿಡು.

ನೋಡು, ಕಾಲೇಜಿನ ಪದ್ಧತಿನೇ ಹಂಗೆ. ವಿದ್ಯಾರ್ಥಿ ಓಡಾಡೋದು, ಮೇಷ್ಟ್ರು ಬರೆಯೋದು. ...ಯಾಕೆ ನಗ್ತೀಯ? ಸುಳ್ಳಾ? ಧರ್ಮಪುರದಿಂದ ಬಂದಾಗ ದೇವಕಣಗಿಲೆ ಬಗ್ಗೆ ನಿನಗೇನು ಗೊತ್ತಿತ್ತು? ಕೊಂಬೆ ಮುರಿದ್ರೆ ಹಾಲು ಸುರೀತೈತೆ, ಕಣ್ಣಿಗೆ ಬಿದ್ರೆ ಉರೀತೈತೆ... ಅಷ್ಟೇ! ಆ ಹೂವಿನಾಗೆ ಒಂದು ತೊಟ್ಟು ಮಕರಂದ ಇಲ್ಲ, ಬರೀ ವಾಸನೆ ತೋರ್ಸಿ ಪತಂಗನ ಕರೀತೈತೆ, ಅದು ಪಾಪ ಹೂವಿಂದ ಹೂವಿಗೆ ನಾಲಿಗೆ ತೂರ್ಸಿ ಹುಡುಕಿ ಹುಡುಕಿ, ಪರಾಗ ಮೆತ್ಕೊಂಡು ಬರಿ ಹೊಟ್ಟೇಲಿ ಹೋಗ್ತೈತೆ ಅಂತ ಹೇಳ್ಕೊಟ್ಟೋನು ಯಾರು? ...ಹ್ಞಾ, ಪುಸ್ತಕದಾಗಿತ್ತು. ಪುಸ್ತಕ ನೋಡೇ ಹೇಳ್ದೆ. ಏನೀಗ?

ಚಂದ್ರವಳ್ಳಿ ಮರ ಕಂಡಿದ್ದು ನೀನೇ, ಇಲ್ಲ ಅಂದ್ನಾ? ಊರಾಗಿರೋ ಮರ ಎಲ್ಲಾ ಕೊಂಬೆ ಕಡಿದು ನೆಟ್ಟವು, ಕಾಯಿ ಕಟ್ಟಿದ್ದು ಯಾರೂ ನೋಡಿರ್ಲಿಲ್ಲ. ನೀನು ನೋಡ್ದೆ. ಆಡಿನ ಕೊಂಬಿನಂಗೆ ಜೋಡಿ ಕಾಯಿ! ಮೂರು ಸಾವಿರ ಚಿಲ್ರೆ ಹೂವಿಗೆ ನಾಲ್ಕೇ ಜೋಡಿ. ಯಾವ ಪತಂಗ ಬಂತು, ಯಾವ ಹೂವಿನ ಮ್ಯಾಲೆ ಎಷ್ಟು ಹೊತ್ತು ಕುಂತಿತ್ತು... ನಿನ್ನ ಪ್ರಾಜೆಕ್ಟಿನಾಗೆ ದುಂಡಗಿನ ಅಕ್ಷರದಾಗೆ ಬರೆದಿದ್ದೆ. ಅದನ್ನ ಇಂಗ್ಲಿಷಿಗೆ ತಂದೋನು ನಾನು! ಅದಕ್ಕೆ ಬೆಲೆ ಇಲ್ವಾ?

ಎಂ.ಎಸ್ಸಿ. ಸೀಟಾ? ಅದಕ್ಕೂ ನನಗೂ ಏನಮ್ಮ... ಕಮಿಟಿಯೋರು ತೀರ್ಮಾನ ಮಾಡಿದ್ದು. ನಿನ್ನ ಪರವಾಗಿ ನಾನು ಎಷ್ಟು ಹೇಳ್ದೆ ಗೊತ್ತಾ? ...ಹಂಗೆ ನೋಡಬ್ಯಾಡ.

...ಕಮಿಟಿಯಿಂದ ನನಗೆ ಕಾಗದ ಬಂದಿತ್ತು. ಈ ಹುಡುಗಿ ಪ್ರಾಜೆಕ್ಟು ಸ್ವಂತದ್ದಾ ಅಂತ ಕೇಳಿದ್ರು. ಅಷ್ಟೊತ್ತಿಗೆ ನನ್ನ ಲೇಖನ ಅಚ್ಚಿಗೆ ಹೋಗಿತ್ತು! ನಿನ್ನದು ಅಂದ್ರೆ ಮತ್ತೆ ನನ್ನದು ಯಾವುದು? ಪ್ರಮೋಷನ್ನು ಬಾಗಿಲಿಗೆ ಬಂದು ನಿಂತಿತ್ತು... ಬರೆದೆ. ನನ್ನ ಟಿಪ್ಪಣಿ ಕದ್ದು ಬರ್ಕೊಂಡವಳೆ ಅಂತ ಬರೆದೆ. ನಾನೇ. ಸಾಕಾ?

ಸಾಲ್ದಾ? ಇನ್ನೇನು ಬೇಕು ನಿನಗೆ? ಎದ್ದು ಹೋಗಬಾರ್ದಾ...

ನಿಮ್ಮಪ್ಪ ಬಂದಿದ್ದ. ...ಗೊತ್ತಿಲ್ವಾ? ಸಾಯೋ ತನಕ ಹೇಳೇ ಇಲ್ವಾ ನಿನಗೆ? ಕುರಿ ಯಾರಿಗೋ ಒಪ್ಪಿಸಿ, ಬೆಳಗಿನ ಬಸ್ಸಿಗೆ ಬಂದು, ಸ್ಟಾಫ್ ರೂಮಿನ ಬಾಗಿಲಾಗೆ ನಿಂತಿದ್ದ ತಿಮ್ಮರಾಯಪ್ಪ. ಮಗಳಿಗೆ ಸೀಟು ಯಾಕೆ ಸಿಗಲಿಲ್ಲ ಅಂತ ಕೇಳ್ದ. 'ನಿನ್ನ ಮಗಳು ಕಳ್ಳಿ ಕಣಯ್ಯ' ಅಂದೆ. ಎಲ್ಲರ ಮುಂದೆ ಅಂದೆ. ಕೂಗಾಡ್ತಾನೆ ಅಂದ್ಕೊಂಡೆ... ಇಲ್ಲ. 'ಕುರಿ ಚಂದ್ರವಳ್ಳಿಗೇ ಹೊಡ್ಕೊಂಡು ಬಂದು, ಅಷ್ಟು ಸಂಜೆನೂ ಆ ಮರದ ಕೆಳಗೆ ಅವಳು ಬರೀವಾಗ ಬ್ಯಾಟ್ರಿ ಹಿಡ್ಕೊಂಡು ಕುಂತಿದ್ದೋನು ನಾನು ಸಾ' ಅಂದ. ಮೆತ್ತಗೆ. ಅಷ್ಟೇ. ಮೆಟ್ಟಿಲ ತನಕ ಹೋದೋನು ತಿರುಗಿ ಬಂದ. ಬಂದು ಕೈ ಮುಗಿದ. 'ನೀವು ಹಿಂಗಂದ್ರಿ ಅಂತ ಅವಳಿಗೆ ಗೊತ್ತಾಗೋದು ಬ್ಯಾಡ ಸಾ. ನಿಮ್ಮನ್ನ ದೇವ್ರು ಅಂದ್ಕೊಂಡೈತೆ ಹುಡುಗಿ' ಅಂದ.

ನಾಗಶ್ರೀ... ಬೈದಾದ್ರೂ ಬೈಯಮ್ಮ...