ಟೈಲರ್ ನುಂಗಿದ ಮಾತ್ರೆ

ಮಾನ್ಯ ಅಧ್ಯಕ್ಷರೇ, ನನ್ನನ್ನು ಅಗತ್ಯಕ್ಕಿಂತ ಹೆಚ್ಚು ಹೊಗಳಿದ ಮುಖ್ಯ ಅತಿಥಿಗಳೇ, ಇಂದು ನರ್ಸಿಂಗ್ ಮುಗಿಸಿ ಹೊರಡುತ್ತಿರುವ ಮಕ್ಕಳೇ, ಊಟಕ್ಕೆ ತಡವಾದರೂ ಎದ್ದು ಹೋಗದ ಸಭಿಕರೇ,

"ಶುಶ್ರೂಷೆಯಲ್ಲಿ ನನ್ನ ಮೌಲ್ಯಗಳು" ಎಂಬ ವಿಷಯದ ಮೇಲೆ ಮಾತನಾಡಲು ಅಪ್ಪಣೆಯಾಗಿದೆ. ಮೂವತ್ನಾಲ್ಕು ವರ್ಷಗಳ ಹಿಂದೆ ಸಂದರ್ಶನದಲ್ಲೂ ಇದನ್ನೇ ಕೇಳಿದ್ದರು. ಕರುಣೆ, ತಾಳ್ಮೆ, ಸೇವೆ ಎಂದೆ. ನನಗಿಂತ ಮುಂಚೆ ಒಳಗೆ ಹೋಗಿ ಬಂದ ಹುಡುಗಿ ಹೇಳಿಕೊಟ್ಟಿದ್ದಳು. ಅವಳಿಗೆ ಕೆಲಸ ಸಿಗಲಿಲ್ಲ.

ನನ್ನ ಮೌಲ್ಯ ಯಾವುದೆಂದು ನನಗೇ ತಿಳಿದದ್ದು ಕೆಲಸಕ್ಕೆ ಸೇರಿದ ಹನ್ನೊಂದನೆಯ ವರ್ಷ, ಒಂದು ಮಧ್ಯಾಹ್ನ. ಗಂಡಸರ ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಗಳಲ್ಲಿ ಒಬ್ಬರು ಬಸ್ ಡ್ರೈವರ್, ಒಬ್ಬರು ಟೈಲರ್. ಡ್ರೈವರ್‌ಗೆ ಕೊಡಬೇಕಾದ ಬಿಪಿ ಮಾತ್ರೆಯನ್ನು ಟೈಲರ್‌ಗೆ ಕೊಟ್ಟೆ. ಅವಸರವಿತ್ತೇ? ಇರಲಿಲ್ಲ. ಸುಸ್ತಾಗಿತ್ತೇ? ಅದೂ ಇಲ್ಲ. ಹೆಸರು ಕೇಳಲಿಲ್ಲ, ಅಷ್ಟೇ. ಅವರು ನುಂಗಿ, "ಥ್ಯಾಂಕ್ಸ್ ಸಿಸ್ಟರ್" ಅಂದರು.

ಕೂಡಲೇ ಡಾಕ್ಟರಿಗೆ ಹೇಳಬೇಕಿತ್ತು. ನಾನು ಮೊದಲು ನನ್ನ ಯಜಮಾನರಿಗೆ ಫೋನ್ ಮಾಡಿದೆ.

"ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಮತ್ತಿನ್ನೇನು? ಸುಮ್ನಿರು."

ಅವರು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಒಳ್ಳೆಯವರು. ಆಮೇಲೆ ನಾಲ್ಕು ದಿನ ನಾನು ಅವರೊಂದಿಗೆ ಮಾತು ಬಿಟ್ಟಿದ್ದೆ. ಅವರಿಗದು ಈಗಷ್ಟೇ ತಿಳಿಯುತ್ತಿರುವಂತಿದೆ.

ಫೋನ್ ಇಟ್ಟು ಡಾಕ್ಟರಿಗೆ ಹೇಳಿದೆ. ಅಷ್ಟರಲ್ಲಿ ಟೈಲರ್ ಬೆವರತೊಡಗಿದ್ದರು. ಕಣ್ಣು ಕತ್ತಲೆ ಬರುತ್ತಿದೆ ಎಂದರು. ಕಾಲು ಎತ್ತರಕ್ಕಿಟ್ಟು ಮಲಗಿಸಿ ಸಲೈನ್ ಹಾಕಿದೆವು. ಸಂಜೆಯ ಹೊತ್ತಿಗೆ ಸುಧಾರಿಸಿಕೊಂಡರು. ಹೊರಗೆ ಬೆಂಚಿನ ಮೇಲಿದ್ದ ಅವರ ಹೆಂಡತಿಗೆ ಹೇಳುವುದು ಬಾಕಿಯಿತ್ತು.

"ಅಮ್ಮಾ, ಅವರಿಗೆ ತಪ್ಪು ಮಾತ್ರೆ ಕೊಟ್ಟೆ. ನಾನೇ ಕೊಟ್ಟಿದ್ದು."

"ನಿಮ್ಮ ಮುಖ ನೋಡೋಕೂ ನಂಗಿಷ್ಟ ಇಲ್ಲ" ಎಂದರು. ನ್ಯಾಯವೇ.

ತನಿಖೆ ಮುಗಿಯುವವರೆಗೆ ನನ್ನನ್ನು ಬಟ್ಟೆ ಕೋಣೆಗೆ ಹಾಕಿದರು. ಹೊದಿಕೆ ಮಡಚುವುದರಲ್ಲಿ ಈ ಆಸ್ಪತ್ರೆಯಲ್ಲಿ ಇವತ್ತಿಗೂ ನನ್ನನ್ನು ಮೀರಿಸುವವರಿಲ್ಲ. ಒಬ್ಬಳೇ ಇರುತ್ತಿದ್ದೆ. ಅತ್ತರೆ ಒರೆಸಿಕೊಳ್ಳಲು ಬಟ್ಟೆಗೆ ಕೊರತೆಯಿರಲಿಲ್ಲ.

ಎರಡನೆಯ ತಿಂಗಳು ಟೈಲರ್ ಮತ್ತೆ ದಾಖಲಾದರು. ಅವರ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು.

"ಮಾತ್ರೆ ಕೊಡೋಕೆ ನೀವೇ ಬನ್ನಿ."

"ನಾನೀಗ ಔಷಧಿ ಮುಟ್ಟೋ ಹಾಗಿಲ್ಲಮ್ಮ. ಅಲ್ಲಿರೋರು ಚೆನ್ನಾಗೇ ಕೊಡ್ತಾರೆ."

"ಕೊಡ್ಲಿ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ ಸಾಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀವಾದ್ರೂ ಬಾಯಿಬಿಟ್ಟು ಹೇಳ್ತೀರ."

ಹೆಡ್ ಸಿಸ್ಟರ್ ಒಪ್ಪಿದರು. ಆಕೆಯ ಎದುರು ಒಪ್ಪದೆ ವಿಧಿಯಿರಲಿಲ್ಲ. ಆರು ದಿನ, ದಿನಕ್ಕೆ ಮೂರು ಸಲ, ನಾನು ಆ ಹಾಸಿಗೆಯ ಪಕ್ಕ ನಿಂತೆ. ಬೇರೆಯವರು ಮಾತ್ರೆ ಕೊಟ್ಟರು, ನಾನು ನೋಡಿದೆ.

ಆಕೆ ನನ್ನನ್ನು ಕ್ಷಮಿಸಲಿಲ್ಲ. ಹೊರಡುವಾಗ ಅದನ್ನು ಹೇಳಿಯೂ ಹೋದರು. ಆದರೆ ಮಕ್ಕಳೇ, ಆ ಆರು ದಿನವೂ ಮಧ್ಯಾಹ್ನದ ಮಾತ್ರೆಯ ಹೊತ್ತಿಗೆ ನಾನು ಬಂದು ನಿಂತದ್ದನ್ನು ನೋಡಿಯೇ ಆಕೆ ಹಿಡಿದುಕೊಂಡಿದ್ದ ಗಂಡನ ಕೈ ಬಿಟ್ಟು, ಊಟಕ್ಕೆ ಎದ್ದು ಹೋಗುತ್ತಿದ್ದರು.

ಇಷ್ಟು ಹೊತ್ತು ಕೇಳಿದ್ದಕ್ಕೆ, ಇವತ್ತು ನನ್ನ ಪಾಳಿ ನೋಡಿಕೊಳ್ಳುತ್ತಿರುವವರಿಗೆ, ಎಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.